ಕೋಡಿಯ ಮಟ್ಟ ಹಿಡಿದ ಭಾನುವಾರ

ಮೊದಲ ಘರ್ಷಣೆ ನಡೆದದ್ದು ಶನಿವಾರವೆಂದು ನನ್ನ ಟಿಪ್ಪಣಿಯಲ್ಲಿದೆ. ಅದು ತಪ್ಪು. ಅಂದು ಸಭೆಗೆ ಬಂದಿದ್ದವರ ಮೊಬೈಲುಗಳಲ್ಲಿರುವ ಚಿತ್ರಗಳನ್ನು ತಾಳೆ ನೋಡಿದ ಮೇಲೆ ಅದು ಭಾನುವಾರವೆಂದು ಖಚಿತವಾಯಿತು. ಶನಿವಾರ ಸಂಜೆ ನಡೆದದ್ದು ಬೇರೆ: ನಾವು ಸುಣ್ಣದ ಗೆರೆ ಎಳೆದೆವು. ಎರಡನ್ನೂ ನನ್ನ ನೆನಪು ಒಂದೇ ದಿನಕ್ಕೆ ಸೇರಿಸಿಬಿಟ್ಟಿದೆ. ಗೆರೆ ಎಳೆದದ್ದಕ್ಕೂ ಕಲ್ಲು ಬಿದ್ದದ್ದಕ್ಕೂ ನಡುವೆ ಒಂದಿಡೀ ರಾತ್ರಿಯ ಅವಕಾಶವಿತ್ತು, ಬೇಕೆಂದರೆ ಅಳಿಸಬಹುದಾಗಿತ್ತು ಎಂಬುದನ್ನು ಒಪ್ಪಲು ಅದಕ್ಕೆ ಮನಸ್ಸಿಲ್ಲವೆಂದು ಕಾಣುತ್ತದೆ.

ಕೆರೆ ತಾರ್ನಾಕದ ನನ್ನ ಮನೆಯಿಂದ ನಡೆದು ತಲುಪಬಹುದಾದಷ್ಟು ದೂರದಲ್ಲಿದೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದರೆ ಓಣಿ ಗೊತ್ತಾಗುತ್ತದೆ, ಓಣಿ ಗೊತ್ತಾದರೆ ಮನೆಗಳೂ ಗೊತ್ತಾಗುತ್ತವೆ. ಸಂಶೋಧನಾ ಸಂಸ್ಥೆಯಿಂದ ನಿವೃತ್ತನಾದ ಮೇಲೂ ಕೆರೆಗಳ ಹಳೆಯ ದಾಖಲೆ ಓದುವ ಚಟ ಬಿಡದ ಕಾರಣ ನಾನು ಒಂದು ನಾಗರಿಕ ಸಮಿತಿಯನ್ನು ಸೇರಿಕೊಂಡಿದ್ದೆ. ಅದನ್ನು ನಡೆಸುತ್ತಿದ್ದವರು ಹಿಮಾಯತ್‌ನಗರದಲ್ಲಿ ವಾಸವಾಗಿರುವ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ, ಧಾರವಾಡದ ಕಡೆಯವರು. ನಾವೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ತಿಂಗಳಿಗೊಮ್ಮೆ ಕೆರೆಯ ಏರಿಯ ಮೇಲೆ ಬಹಿರಂಗ ಸಭೆ ಸೇರುತ್ತಿತ್ತು. ಹಳೆಯ ನಕ್ಷೆಯನ್ನು ಹಲಗೆಗೆ ಅಂಟಿಸಿ, ನೀರು ಎಲ್ಲಿಂದ ಬರುತ್ತಿತ್ತು, ಎಲ್ಲಿಯವರೆಗೆ ನಿಲ್ಲುತ್ತಿತ್ತು ಎಂದು ನಾನು ಓದಿ ಹೇಳುತ್ತಿದ್ದೆ. ಕೇಳಲು ಬರುತ್ತಿದ್ದವರು ಹೆಚ್ಚಾಗಿ ಗಚ್ಚಿಬೌಲಿಯ ಕಂಪನಿಗಳ ಯುವಕರು, ಇಲ್ಲವೇ ನನ್ನಂತಹ ಪಿಂಚಣಿದಾರರು.

ಆ ತಿಂಗಳುಗಳಲ್ಲಿ ನಗರದ ಕೆರೆಗಳ ಪೂರ್ಣ ಮಟ್ಟದೊಳಗೆ, ಅಂದರೆ ಕೆರೆ ತುಂಬಿದಾಗ ನೀರು ನಿಲ್ಲುವ ಜಾಗದಲ್ಲಿ, ಕಟ್ಟಿದ ಮನೆಗಳನ್ನು ತೆರವುಗೊಳಿಸುವ ಕೆಲಸ ಆರಂಭವಾಗಿತ್ತು. ಬೆಳಗಾಗುವಷ್ಟರಲ್ಲಿ ಇಂಥ ಕಡೆ ಜೆಸಿಬಿ ಬಂದು ನಿಂತಿತಂತೆ ಎಂಬ ಸುದ್ದಿ ಎಲ್ಲ ಓಣಿಗಳಲ್ಲೂ ಓಡಾಡುತ್ತಿತ್ತು. ಇದು ನಮಗೆ ತಿಳಿಯದ್ದೇನಲ್ಲ. ಆದರೂ ಭಾನುವಾರದ ಸಭೆಗೆ ಬರುವವರು ಹಳೆಯ ದಡವನ್ನು ಕಣ್ಣಾರೆ ಕಂಡು, ಅದರ ಗುಂಟ ನಡೆಯಲಿ ಎಂದು, ಶಾಲೆಯ ಮೈದಾನದಲ್ಲಿ ಓಟದ ಪಂದ್ಯಕ್ಕೆ ಎಳೆಯುವಂತೆ ಸುಣ್ಣದ ಪುಡಿಯಿಂದ ಗೆರೆ ಎಳೆದೆವು. ಗೆರೆ ನಕ್ಷೆಗೆ ನಿಷ್ಠವಾಗಿತ್ತು. ಏರಿಯ ಪಕ್ಕದ ಓಣಿಯ ಬಾಯಿಯಲ್ಲೇ ಅಡ್ಡಲಾಗಿ ಹಾಯ್ದು, ಇಡೀ ಓಣಿಯನ್ನು ಕೆರೆಯ ಪಾಲಿಗೆ ಸೇರಿಸಿತು. ನಾನು ಅದರ ಬಾಗುಗಳನ್ನು ಪರೀಕ್ಷಿಸಿ, ಒಂದು ಕಡೆ ಪಾದದಿಂದ ಒರೆಸಿ ತಿದ್ದಿಸಿದೆ. ತಿದ್ದಿಸುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮುಖಗಳನ್ನು ಮಾತ್ರ ನೋಡಲಿಲ್ಲ.

ಭಾನುವಾರ ನಾನು ನಕ್ಷೆಯ ಮುಂದೆ ನಿಂತು ಮಾತು ಆರಂಭಿಸುವ ಹೊತ್ತಿಗೆ ಓಣಿಯ ಜನ ಒಂದು ಬಟ್ಟೆಯ ಬ್ಯಾನರ್ ಹಿಡಿದು ಏರಿ ಹತ್ತಿದರು. ಅದರ ಮೇಲೆ ತೆಲುಗಿನಲ್ಲಿ ‘ಮಾ ಇಳ್ಳು ಮಾಕು ಕಾವಾಲಿ’ ಎಂದಿತ್ತು, ಅಂದರೆ ನಮ್ಮ ಮನೆ ನಮಗೆ ಬೇಕು. ಅದನ್ನೇ ಕೂಗುತ್ತಿದ್ದರು. ಮುಂದಿದ್ದವನು ನಡುವಯಸ್ಸಿನ ಟೇಲರ್. ಬಟ್ಟೆ ಅಳೆಯುವ ಟೇಪು ಅವನ ಕೊರಳಲ್ಲೇ ಇತ್ತು, ಹೊಲಿಗೆ ಬಿಟ್ಟು ಎದ್ದು ಬಂದಿದ್ದ. ಮೊದಲು ಹಿಂದಿಯಲ್ಲಿ ಕೂಗಾಡಿದ. ನಾವು ನಮ್ಮೊಳಗೆ ಕನ್ನಡದಲ್ಲಿ ಪಿಸುಗುಟ್ಟಿದ್ದು ಕಿವಿಗೆ ಬಿದ್ದೊಡನೆ ಅವನ ಮಾತು ಬದಲಾಯಿತು. ಯಾದಗಿರಿ ಕಡೆಯವನು.

“ಕನ್ನಡದವರೇನ್ರಿ ನೀವು? ಯಾರ್ ಹೊಡದ್ರು ಈ ಗೆರಿ?”

“ನಾವ ಹೊಡದೇವ್ರಿ,” ಎಂದರು ಅಕ್ಕೋರು. “ಬರೇ ತೋರಸಾಕ.”

“ತೋರಸಾಕ? ಯಾರಿಗಿ, ಜೆಸಿಬಿಗಿ?”

ಅವನ ಹಿಂದಿದ್ದವರು ನಕ್ಕರು. ಅವನು ನಗಲಿಲ್ಲ. ನಕ್ಷೆಯ ಹಲಗೆಗೆ ಬೆರಳು ತಾಗಿಸಿ ನನ್ನನ್ನು ಕೇಳಿದ: “ಇದು ಯಾವ ವರ್ಷದ್ದು, ಅದನ್ನ ಹೇಳ್ರಿ ಮೊದಲ.”

ಇದಕ್ಕೆ ಉತ್ತರ ಕೊಡುವುದು ನನ್ನ ವೃತ್ತಿ. ನಿಜಾಮರ ಕಾಲದ ಗ್ರಾಮ ನಕ್ಷೆಯ ಮೇಲಿನ ವರ್ಷ ಫಸಲಿ ಎಂಬ ಕಂದಾಯದ ಲೆಕ್ಕದ್ದು, ಅದನ್ನು ಹಿಜರಿ ಎಂದು ಓದಿದವರು ಕೆಲವು ವರ್ಷಗಳಷ್ಟು ತಪ್ಪುತ್ತಾರೆ, ಮೇಲಾಗಿ ಅಳತೆಯ ವರ್ಷ ಬೇರೆ, ನಕಲು ತೆಗೆದ ವರ್ಷ ಬೇರೆ ಎಂದು ನಾನು ವಿವರಿಸತೊಡಗಿದೆ.

“ಒಂದು ವರ್ಷ ಕೇಳಿದ್ರ ನಾಕು ಹೇಳಾಕತ್ತೀರಲ್ರಿ. ತಾರೀಕ್ ಸಾಬ್, ನಮ್ಮ ಮನಿ ಬೀಳೋ ತಾರೀಕಾದ್ರೂ ಒಂದ ಹೇಳ್ರಿ.”

ಆ ಹೆಸರು ಅಂದೇ ಅಂಟಿತು. ‘ತಾರೀಕ್ ಸಾಬ್’ ಎಂದು ಹಿಂದಿನಿಂದ ಯಾರೋ ಹಾಡಿದರು. ನಮ್ಮ ಸ್ವಯಂಸೇವಕರಲ್ಲಿ ಉಡುಪಿಯ ಕಡೆಯ ಒಬ್ಬ ಎಂಜಿನಿಯರ್ ಇದ್ದ. ಅವನು ಮೊಬೈಲ್ ಎತ್ತಿ ಚಿತ್ರೀಕರಿಸತೊಡಗಿದ್ದೇ ತಡ, ಒಂದು ಕೈ ಬಂದು ಅದನ್ನು ಹೊಡೆದು ಕೆಡವಿತು. ಎಂಜಿನಿಯರ್ ಆ ಕೈಯನ್ನು ಹಿಡಿದ. ಕಲ್ಲೊಂದು ಹಲಗೆಗೆ ಬಡಿದು, ನಕ್ಷೆ ನಡುವೆ ಸೀಳಿತು. ಪೊಲೀಸರು ಬಂದು ಎರಡೂ ಕಡೆಯವರನ್ನು ಮನೆಗೆ ಕಳಿಸಿದರು.

ಆ ವಾರ ಅಕ್ಕೋರ ಮನೆಯಲ್ಲಿ ಸೇರಿ ನಿಯಮಗಳನ್ನು ಮಾಡಿಕೊಂಡೆವು. ಯಾರೂ ಚಿತ್ರೀಕರಿಸಕೂಡದು. ಭಯದಲ್ಲಿರುವವನಿಗೆ ಕ್ಯಾಮೆರಾ ಎಂದರೆ ಪೊಲೀಸ್ ಸಾಕ್ಷ್ಯ. ಘೋಷಣೆಗೆ ಘೋಷಣೆಯ ಉತ್ತರವಿಲ್ಲ. ಯಾರ ಮೈಯನ್ನೂ ಮುಟ್ಟುವಂತಿಲ್ಲ, ಹಿಡಿದ ಕೈಯನ್ನು ಬಿಡಿಸಿಕೊಳ್ಳಲೂ ಎಳೆದಾಡುವಂತಿಲ್ಲ. ತಳ್ಳಿದರೆ ಕೂರುವುದು. ಏರಿಯ ಎರಡೂ ಬದಿ ಇಳಿಯುವ ದಾರಿಯನ್ನು ತೆರೆದಿಡುವುದು, ಏಕೆಂದರೆ ಹಿಂದಕ್ಕೆ ಹೋಗಲು ಜಾಗವಿಲ್ಲದ ಗುಂಪು ಮುಂದಕ್ಕೇ ನುಗ್ಗುತ್ತದೆ. ಸಿಟ್ಟು ತಡೆಯಲಾಗದವರು ಮೊದಲೇ ಹೇಳಿ ಹಿಂದಿನ ಸಾಲಿಗೆ ಹೋಗಬೇಕು. ನಿಯಮಗಳನ್ನು ಮಾಡಿದ ಮೇಲೆ ಅಭ್ಯಾಸವೂ ಬೇಕೆಂದು ಅಕ್ಕೋರು ಪಟ್ಟು ಹಿಡಿದರು. ಒಬ್ಬರು ಬೈಯಬೇಕು, ಉಳಿದವರು ಸುಮ್ಮನೆ ಕೂರಬೇಕು. ಬೈಯುವ ಪಾತ್ರ ಎಂಜಿನಿಯರನಿಗೆ ಬಂತು.

“ಎಂತ ನೀವೆಲ್ಲ ಹೀಗೆ ಮಾಡುದು? ಸ್ವಲ್ಪ ಆಚೆ ಹೋಗ್ಲಿಕ್ಕೆ ಆಗುದಿಲ್ವಾ?”

“ಹಿಂಗ ಬೈದ್ರ ಅವರು ಚಾ ಕುಡಿಸಿ ಕಳಸ್ತಾರ,” ಎಂದರು ಅಕ್ಕೋರು. “ಜೋರ ಬೈಯಪಾ.”

“ನಂಗೆ ಬೈಲಿಕ್ಕೆ ಬರುದಿಲ್ಲ ಅಕ್ಕೋರೆ. ಆಫೀಸಿನಲ್ಲಿ ಮೇಲ್ ಹಾಕಿಯೇ ಅಭ್ಯಾಸ.”

ಕೊನೆಗೆ ಅಕ್ಕೋರೇ ಎದ್ದು ನಿಂತು, “ನಿಮ್ಮಪ್ಪನ ಕೆರಿ ಏನಲೇ ಇದು?” ಎಂದು ಆರಂಭಿಸಿ ಮುಂದುವರಿಸಿದ ರೀತಿಗೆ ಕೆಳಗಿನ ಸೀರೆ ಅಂಗಡಿಯವರು ಮೇಲೆ ಹತ್ತಿ ಬಂದು ಬಾಗಿಲು ತಟ್ಟಿದರು. ನಾವು ನಕ್ಕೆವು. ಮನೆಗೆ ಮರಳುವಾಗ ನನಗೆ ಅರ್ಥವಾದದ್ದು, ನಾವು ಅಭ್ಯಾಸ ಮಾಡಿದ್ದು ಬೈಗುಳ ತಡೆದುಕೊಳ್ಳುವುದನ್ನಷ್ಟೇ. ಓಣಿಯವರು ಕೇಳಿದ್ದ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿರಲಿಲ್ಲ. ಆದರೂ ಮುಂದಿನ ತಿಂಗಳ ಸಭೆಗೆ ಅದೇ ಸಿದ್ಧತೆಯೊಂದಿಗೆ ಹೋದೆವು.

ಆ ಸಭೆಯಲ್ಲಿ ನಮ್ಮವರು ನಿಯಮಗಳನ್ನು ಅಕ್ಷರಶಃ ಪಾಲಿಸಿದರು. ಓಣಿಯವರು ಮತ್ತೆ ಬ್ಯಾನರಿನೊಂದಿಗೆ ಬಂದರು, ಈ ಸಲ ಹೆಚ್ಚು ಜನ. ನಾವು ಜಮಖಾನೆಯ ಮೇಲೆ ಕುಳಿತೆವು, ಕೈಗಳು ತೊಡೆಯ ಮೇಲೆ. ಅವರು ಕೂಗಿದರು, ನಾವು ಕೇಳಿಸಿಕೊಂಡೆವು. ಕೂಗು ತಗ್ಗುವುದೆಂದು ನಾನು ಎಣಿಸಿದ್ದೆ. ತಗ್ಗಲಿಲ್ಲ, ಏರಿತು. ಟೇಲರ್ ನಮ್ಮ ಮುಂದೆ ಅತ್ತಿಂದಿತ್ತ ನಡೆಯುತ್ತ, ಒಬ್ಬೊಬ್ಬರ ಮುಖವನ್ನೂ ಬಾಗಿ ನೋಡಿ ಕೇಳಿದ: “ಬಾಯಿ ಇಲ್ಲೇನ್ರಿ ನಿಮಗ? ನಾಯಿ ಬೊಗಳಾಕತ್ತಾವೇನು ಇಲ್ಲಿ, ಹಿಂಗ ಸುಮ್ಮ ಕುಂತು ನೋಡಾಕತ್ತೀರಿ?”

ಯಾರೂ ಉತ್ತರಿಸಲಿಲ್ಲ. ಅದು ನಿಯಮವಾಗಿತ್ತು. ಆ ಕ್ಷಣದಲ್ಲಿ ನಮ್ಮ ಮೌನ ಆ ಕಡೆಯಿಂದ ಹೇಗೆ ಕಾಣುತ್ತಿರಬಹುದೆಂದು ನನಗೆ ಸ್ಪಷ್ಟವಾಗಿ ಹೊಳೆಯಿತು. ಇಸ್ತ್ರಿ ಮಾಡಿದ ಬಟ್ಟೆಯವರು, ಯಾರ ಮನೆಯೂ ಬೀಳದವರು, ತಾಳ್ಮೆಯಿಂದ ಕುಳಿತಿದ್ದರು. ತಾಳ್ಮೆ ನಮಗೆ ಅಗ್ಗವಾಗಿತ್ತು. ಹಿಂದಿನಿಂದ ಜನ ಒತ್ತಿದರು, ಮುಂದಿನವರು ನಮ್ಮ ಮೇಲೆ ಬಿದ್ದರು, ಅಂಚಿನಲ್ಲಿ ಕುಳಿತಿದ್ದ ಅಕ್ಕೋರು ಏರಿಯ ಮೆಟ್ಟಿಲುಗಳ ಮೇಲಿಂದ ಉರುಳಿದರು. ಬಲಗೈ ಮಣಿಕಟ್ಟು ಮುರಿಯಿತು. ಅವರನ್ನು ಮೊದಲು ಎತ್ತಿದವರಲ್ಲಿ ಟೇಲರನೂ ಇದ್ದ. ಎತ್ತಿದವನು ಪೊಲೀಸ್ ಜೀಪು ಕಂಡೊಡನೆ ಮಾಯವಾದ.

ಇನ್ಸ್‌ಪೆಕ್ಟರ್ ಆಸ್ಪತ್ರೆಗೇ ಬಂದರು. ಸಭ್ಯರು. ಅವರು ಹೇಳಿದ್ದು ಎರಡೇ ವಿಷಯ. ಗುಂಪನ್ನು ಕರೆತಂದವನ ಹೆಸರು ಬರೆದುಕೊಟ್ಟರೆ ಸಂಜೆಯೊಳಗೆ ಹಿಡಿದು ತರುತ್ತೇವೆ. ಕೊಡದಿದ್ದರೆ ನಿಮ್ಮಿಷ್ಟ, ಆದರೆ ಇನ್ನೊಂದು ಗಲಾಟೆಯಾದರೆ ಏರಿಯ ಮೇಲೆ ಸಭೆಗೆ ಅನುಮತಿ ಇರುವುದಿಲ್ಲ. ಅವರು ಹೊರಗೆ ಹೋದ ಮೇಲೆ ಅಕ್ಕೋರು ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ನನ್ನನ್ನು ನೋಡಿದರು.

“ಅಂವನ ಹೆಸರು ಕೊಟ್ರ ನನ್ನ ಎಲಬು ಕೂಡತೈತೇನ್ರಿ ಸರ್?”

“ಕೂಡೂದಿಲ್ಲ. ಆದ್ರ ಮುಂದಿನ ಸಭಾ?”

“ಅದನ್ನ ನೀವು ಯೋಚ್ನಿ ಮಾಡ್ರಿ. ಗೆರಿ ನಿಮ್ಮ ನಕ್ಷಾದ್ದಲ್ಲೇನು?”

ಎಂಜಿನಿಯರ್ ಗೋಡೆಗೆ ಒರಗಿ ನಿಂತಿದ್ದ. “ಇನ್ನು ಸಭೆಯೇ ಬೇಡ ಸರ್. ನಂಗೆ ಪೆಟ್ಟು ಬಿದ್ರೆ ಅಡ್ಡಿ ಇಲ್ಲ. ಇವರಿಗೆ ಹೀಗಾದದ್ದು ನೋಡ್ಲಿಕ್ಕೆ ಆಗುದಿಲ್ಲ.”

ಹೆಸರು ಕೊಡಲಿಲ್ಲ. ಆ ನಂತರದ ದಿನಗಳಲ್ಲಿ ನಾನು ಮನೆಯಲ್ಲಿ ಕುಳಿತಿರಲಾರದೆ, ದಿನವೂ ಬೆಳಿಗ್ಗೆ ಕೆರೆಯ ಕಡೆಗೆ ಹೋಗುತ್ತಿದ್ದೆ. ಓಣಿಯ ಮುಂದೆ ಹಾಯಲು ಧೈರ್ಯವಿಲ್ಲದೆ ಸುತ್ತು ಬಳಸಿ, ಹೆಚ್ಚಿನ ನೀರು ಹೊರಹರಿಯುವ ಕೋಡಿಯ ಬಳಿ ನಿಲ್ಲುತ್ತಿದ್ದೆ. ಹಾಗೆ ನಿಂತಿದ್ದಾಗ ಒಂದು ದಿನ ವಿಷಯ ತಲೆಗೆ ಹೋಯಿತು. ಪೂರ್ಣ ಮಟ್ಟ ಎನ್ನುವುದು ಗೆರೆಯಲ್ಲ, ಎತ್ತರ. ನೀರು ಕೋಡಿಯ ಅಂಚಿನವರೆಗೆ ಏರುತ್ತದೆ, ಅದನ್ನು ಮೀರಿದ್ದು ಹರಿದುಹೋಗುತ್ತದೆ. ಆ ಅಂಚಿನ ಎತ್ತರಕ್ಕಿಂತ ತಗ್ಗಿನಲ್ಲಿರುವುದು ಕೆರೆ, ಮೇಲಿರುವುದು ನೆಲ. ನಕ್ಷೆಯ ಗೆರೆ, ಅಂದು ಯಾರೋ ಆ ಎತ್ತರವನ್ನು ಕಾಗದಕ್ಕೆ ಇಳಿಸಿದ್ದು. ಕಾಗದದ ಗೆರೆಯ ದಪ್ಪವೇ ನೆಲದ ಮೇಲೆ ಅರ್ಧ ಓಣಿಯಾಗುತ್ತದೆ. ಇದನ್ನು ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಹೇಳಿದವನು ನಾನು.

ಎತ್ತರವನ್ನು ಹಿಡಿಯಲು ದುಬಾರಿ ಉಪಕರಣ ಬೇಕಿಲ್ಲ. ಗೌಂಡಿಗಳು ಮನೆ ಕಟ್ಟುವಾಗ ಬಳಸುವ ಪಾರದರ್ಶಕ ಲೆವೆಲ್ ಪೈಪು ಸಾಕು. ಅದರಲ್ಲಿ ನೀರು ತುಂಬಿ ಎರಡು ತುದಿಗಳನ್ನು ಎರಡು ಕಡೆ ಎತ್ತಿ ಹಿಡಿದರೆ, ನಡುವೆ ಪೈಪು ಹೇಗೆ ಬಿದ್ದಿದ್ದರೂ ಎರಡೂ ತುದಿಯಲ್ಲಿ ನೀರು ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಆದರೆ ಅದಕ್ಕೆ ಇಬ್ಬರು ಬೇಕು. ಒಬ್ಬನೇ ಹಿಡಿದು ಓದಲಾಗುವುದಿಲ್ಲ.

ಮೊದಲು ಕೋಡಿಯನ್ನೇ ಸಂಶಯಿಸಬೇಕಾಯಿತು. ಅಂಚಿಗೆ ಸಿಮೆಂಟಿನ ದುರಸ್ತಿಯಾಗಿತ್ತು. ದುರಸ್ತಿಯಲ್ಲಿ ಅಂಚನ್ನು ಎತ್ತರಿಸಿದ್ದರೆ ನನ್ನ ಲೆಕ್ಕವೆಲ್ಲ ಹುಸಿ. ಪಕ್ಕದಲ್ಲಿ ಉಳಿದಿದ್ದ ಹಳೆಯ ಕಲ್ಲಿನ ಅಂಚಿನ ಹುಲ್ಲು ಕೆರೆದು ಹೋಲಿಸಿ ನೋಡಿದೆ, ಬೇರೆ ಬೇರೆ ದಿನ ಹೋಗಿ ನೋಡಿದೆ. ಸಿಮೆಂಟು ಕಲ್ಲಿನ ಸಮಕ್ಕೇ ನಿಂತಿತ್ತು. ಬೆರಳಿನಷ್ಟು ಹೆಚ್ಚು ಕಡಿಮೆ ಇರಬಹುದು. ಆ ಬೆರಳು ಈಗಲೂ ನನ್ನನ್ನು ಬಿಟ್ಟಿಲ್ಲ.

ಟೇಲರನ ಅಂಗಡಿ ಓಣಿಯ ಬಾಯಿಯಲ್ಲಿದೆ. ಹೋಗಿ ಕೌಂಟರಿನ ಮುಂದೆ ನಿಂತೆ. ಅವನು ಮಷಿನ್ ನಿಲ್ಲಿಸಲಿಲ್ಲ.

“ಅಳತಿ ಕೊಡಾಕ ಬಂದೀರೋ, ತಗೊಳ್ಳಾಕ ಬಂದೀರೋ?”

“ತಗೊಳ್ಳಾಕ. ಈ ಸರ್ತೆ ನಿಮ್ಮ ಕೈಲೆ.”

ಪೈಪಿನ ವಿಚಾರ ಹೇಳಿದೆ. ಅವನಿಗೆ ಅದು ಹೊಸದಲ್ಲ, ತನ್ನ ಮನೆ ಕಟ್ಟಿದಾಗ ಕಂಡಿದ್ದ. ಮಷಿನ್ ನಿಂತಿತು.

“ಅಕ್ಕೋರ ಕೈ ಹೆಂಗೈತಿ?”

“ಕಟ್ಟ್ಯಾರ. ಎಡಗೈಲೆ ಉಣ್ಣಾಕತ್ತಾರ.”

“ಪೊಲೀಸ್ರು ಇನ್ನೂ ಬಂದಿಲ್ಲ ನನ್ನ ಕಡೆ.”

“ಬರೂದಿಲ್ಲ.”

ಅವನು ಸೂಜಿಗೆ ನೂಲು ಪೋಣಿಸಿದ. “ನಿಮ್ಮ ಗೆರಿ ಇಡೀ ಓಣಿ ನುಂಗಿತ್ತು. ಈ ಪೈಪು ಏನ್ ನುಂಗತೈತಿ?”

“ಗೊತ್ತಿಲ್ರಿ. ಗೊತ್ತಿದ್ರ ಅಳಿಯೋ ಕೆಲಸಿರಲಿಲ್ಲ.”

“ಅಳತಿ ತಪ್ಪಿದ್ರ?”

“ತಪ್ಪೂದಾದ್ರ ನಿಮ್ಮ ಕಣ್ಣ ಮುಂದ ತಪ್ಪಲಿ.”

“ನಾವು ಅಳಿಯಾಕ ಬಿಡದಿದ್ರ?”

“ಸರಕಾರದವರು ಬಂದು ಅಳೀತಾರ. ನಿಮ್ಮನ್ನ ಕೇಳಿ ಅಳೀತಾರಂತ ನನಗೇನು ಭರವಸಿ ಇಲ್ಲ.”

“ಹುಷಾರ್ ಅದೀರಿ ತಾರೀಕ್ ಸಾಬ್,” ಎಂದು ಅವನು ನೂಲನ್ನು ಹಲ್ಲಿನಿಂದ ಕತ್ತರಿಸಿದ. “ಭಾನುವಾರ ಬರ್ರಿ. ಪೊಲೀಸ್ರ ಬ್ಯಾಡ.”

ಸಮಿತಿಯಲ್ಲಿ ಎಲ್ಲರೂ ಒಪ್ಪಲಿಲ್ಲ. ಪೈಪನ್ನು ಅವರ ಕೈಗೆ ಕೊಟ್ಟರೆ ಬೇಕಾದಂತೆ ಏರಿಸಿ ಇಳಿಸುತ್ತಾರೆ ಎಂದರು. ಒಂದು ತುದಿ ಏರಿಸಿದರೆ ನೀರು ತಾನೇ ಇಳಿದು ಸಮವಾಗುತ್ತದೆ, ಪೈಪಿಗೆ ಲಂಚ ತಿನ್ನಲು ಬರುವುದಿಲ್ಲ ಎಂದೆ. ಅಕ್ಕೋರು ಇನ್ಸ್‌ಪೆಕ್ಟರಿಗೆ ಫೋನ್ ಮಾಡಿ, ಜೀಪನ್ನು ಮುಖ್ಯ ರಸ್ತೆಯಲ್ಲೇ ನಿಲ್ಲಿಸಿಕೊಳ್ಳುವಂತೆ ಕೇಳಿಕೊಂಡರು. ಆಗುವುದೆಲ್ಲ ನಿಮ್ಮ ತಲೆಯ ಮೇಲೆ ಎಂದು ಅವರು ಒಪ್ಪಿದರು.

ಭಾನುವಾರ ಕೋಡಿಯ ಬಳಿ ಇಡೀ ಓಣಿ ಸೇರಿತ್ತು. ಬ್ಯಾನರೂ ಬಂದಿತ್ತು, ಘೋಷಣೆಯೂ ಇತ್ತು. ಈ ಸಲ ನಾವು ಮೌನವಾಗಿರಲಿಲ್ಲ. ಏನು ಮಾಡುತ್ತೇವೆಂದು ನಾನು ಕನ್ನಡದಲ್ಲಿ ಹೇಳಿದೆ, ಟೇಲರ್ ತೆಲುಗಿನಲ್ಲಿ ಹೇಳಿದ, ಯಾರೋ ದಖನಿ ಉರ್ದುವಿನಲ್ಲಿ ಗೇಲಿ ಮಾಡುತ್ತಲೇ ತರ್ಜುಮೆ ಮಾಡಿದರು. ಕೋಡಿಯ ಅಂಚಿನ ಮೇಲೆ ಒಂದು ಬಿದಿರು ಕೋಲನ್ನು ನೆಟ್ಟಗೆ ನಿಲ್ಲಿಸುವುದು. ಕೋಲಿನ ತಲೆಯ ಎತ್ತರವನ್ನು ಪೈಪಿನಿಂದ ಗೋಡೆಯಿಂದ ಗೋಡೆಗೆ ಸಾಗಿಸುತ್ತ ಹೋಗುವುದು. ಪ್ರತಿ ಮನೆಯ ಗೋಡೆಯ ಮೇಲೆ ಆ ಎತ್ತರಕ್ಕೆ ಇದ್ದಿಲಿನ ಗುರುತು. ಗುರುತಿಗೆ ಕೋಲಿನ ತಲೆ ತಾಗಿಸಿ ಹಿಡಿಯುವುದು. ಕೋಲಿನ ಕಾಲು ಕೋಡಿಯ ಅಂಚಿನ ಎತ್ತರ. ಹೊಸ್ತಿಲು ಅಡ್ಡ ಬಂದು ಕೋಲು ಹಿಡಿಸದಿದ್ದರೆ ಮನೆ ನೀರಿಗಿಂತ ಮೇಲೆ. ಕೋಲಿನ ಕಾಲು ಹೊಸ್ತಿಲಿಗೆ ಮುಟ್ಟದೆ ತೂಗಿದರೆ, ಆ ಸಂದಿನಷ್ಟು ನೀರು ಮನೆಯೊಳಗೆ.

ಕೋಡಿಯ ಕಡೆಯ ತುದಿಯನ್ನು ನಾನು ಹಿಡಿದೆ, ಮುಂದಿನ ತುದಿಯನ್ನು ಟೇಲರ್ ಹಿಡಿದ. ಎಂಜಿನಿಯರ್ ನಡುವೆ ಬಗ್ಗಿ ನಡೆಯುತ್ತ ಪೈಪಿನಲ್ಲಿ ಗಾಳಿಯ ಗುಳ್ಳೆ ಸೇರದಂತೆ ಬೆರಳಿನಿಂದ ತಟ್ಟುತ್ತಿದ್ದ. ಗುಳ್ಳೆ ಸೇರಿದರೆ ಮಟ್ಟ ಸುಳ್ಳು ಹೇಳುತ್ತದೆ. ಮೊದಲ ಗುರುತಿಗೇ ತೊಡಕು. ಹಿಂದಿನಿಂದ ಕೆಲವರು ಕೂಗುತ್ತ ಒತ್ತಿದರು, ಟೇಲರನ ಭುಜ ಅಲುಗಿತು, ಪೈಪಿನೊಳಗಿನ ನೀರು ಮೇಲೆ ಕೆಳಗೆ ಕುಣಿಯಿತು. ಅವನು ತಿರುಗಿ ನೋಡಿದ.

“ಏಯ್, ಸುಮ್ಮ ನಿಂದರ್ರಲೇ. ನೀರು ಕುಣ್ಯಾಕತ್ತೈತಿ. ದೂರ ಸರೀರಿ.”

ಅವರು ಸರಿದರು. ನಮ್ಮ ನಿಯಮಗಳಿಗೆ ಸಾಧ್ಯವಾಗದ ನಿಶ್ಶಬ್ದ ಅಲ್ಲಿ ಕವಿಯಿತು. ನೀರು ನಿಂತಿತು. “ನಿಂತು,” ಎಂದ ಅವನು. “ನಿಂತು,” ಎಂದೆ ನಾನು. ಗುರುತು ಬಿತ್ತು.

ಓಣಿಯ ಬಾಯಿಯ ಮೊದಲ ಮನೆಯಲ್ಲಿ ಕೋಲು ಹಿಡಿಸಲಿಲ್ಲ. ಅಲ್ಲಿಯ ಮುದುಕಿ ಅದರ ಅರ್ಥವೇನೆಂದು ಮತ್ತೆ ಮತ್ತೆ ಕೇಳಿದಳು. “ನೀವು ಕೆರಿಯಿಂದ ಹೊರಗ ಬಂದ್ರಿ ಅಮ್ಮಾ,” ಎಂದು ಟೇಲರ್ ಹೇಳಿದ ಮೇಲೆ ಒಳಗೆ ಹೋಗಿ ಸಕ್ಕರೆ ತಂದು ಎಲ್ಲರ ಕೈಗೂ ಹಾಕಿದಳು, ನನ್ನ ಕೈಗೂ. ಎರಡನೆಯದರಲ್ಲೂ ಹಿಡಿಸಲಿಲ್ಲ, ಮುಂದಿನವುಗಳಲ್ಲೂ ಇಲ್ಲ. ನಮ್ಮ ಸುಣ್ಣದ ಗೆರೆ ನುಂಗಿದ್ದ ಮನೆಗಳನ್ನು ಪೈಪು ಒಂದೊಂದಾಗಿ ಹೊರಗೆ ಹಾಕುತ್ತ ಹೋಯಿತು. ಜನ ನಗತೊಡಗಿದರು. ಯಾರೋ ಎಂಜಿನಿಯರನಿಗೆ ಚಹಾ ಕೊಟ್ಟರು. ಅವನು ಪೈಪನ್ನು ಬಿಡಲಾರದೆ ಅವರ ಕೈಯಿಂದಲೇ ಕುಡಿದ.

ಆದರೆ ಓಣಿ ಒಳಗೆ ಹೋದಂತೆ ಇಳಿಜಾರು. ನಾನು ಮುಂದಿನ ಮನೆಗಳ ಹೊಸ್ತಿಲುಗಳನ್ನು ನೋಡುತ್ತಲೇ ಇದ್ದೆ. ಇನ್ನೊಂದನ್ನೂ ನೋಡಿದೆ. ಮನೆ ಹೊರಗೆ ಬಿದ್ದವರು ನಮ್ಮ ಜೊತೆ ಮುಂದಕ್ಕೆ ಬರುತ್ತಿರಲಿಲ್ಲ. ಅಡುಗೆ ಇದೆ, ಮಕ್ಕಳಿದ್ದಾರೆ, ಭಾನುವಾರದ ಸಂತೆ ಇದೆ. ಪ್ರತಿ ಮನೆಯ ಬಳಿ ಗುಂಪು ಒಂದಿಷ್ಟು ಕರಗುತ್ತಿತ್ತು. ಬ್ಯಾನರ್ ಹಿಡಿದಿದ್ದ ಇಬ್ಬರಲ್ಲಿ ಒಬ್ಬ ತನ್ನ ತುದಿಯನ್ನು ಇನ್ನೊಬ್ಬನ ಕೈಗಿತ್ತು ಒಳಗೆ ಹೋದ. ಕೊನೆಯ ಕೆಲವು ಮನೆಗಳನ್ನು ತಲುಪಿದಾಗ ಟೇಲರನ ಹಿಂದೆ ಆ ಕೆಲವು ಮನೆಗಳವರಷ್ಟೇ ಉಳಿದಿದ್ದರು. ಅವನು ಒಮ್ಮೆ ಹಿಂದಿರುಗಿ ನೋಡಿದ.

ಅವನ ಮನೆಯ ಗೋಡೆ ನೀಲಿ. ಹೊಸ ಬಣ್ಣ. ನೀರು ನಿಲ್ಲುವುದನ್ನು ನಾವಿಬ್ಬರೂ ಕಾದೆವು. ಅವನು ಹೆಬ್ಬೆರಳಿನಿಂದ ಪೈಪಿನ ಬಾಯಿ ಮುಚ್ಚಿ ತನ್ನ ತುದಿಯನ್ನು ಕೆಳಗೆ ಜಗ್ಗಬಹುದಿತ್ತು. ನನಗೆ ಅದು ಕಾಣುತ್ತಿರಲಿಲ್ಲ. “ನಿಂತು,” ಎಂದ. ಗುರುತು ಹಾಕಿ, ಕೋಲನ್ನು ಇಳಿಬಿಟ್ಟೆವು. ಕೋಲಿನ ಕಾಲು ಹೊಸ್ತಿಲಿಗೆ ಮುಟ್ಟಲಿಲ್ಲ. ಮೊಣಕಾಲಿನಷ್ಟು ಮೇಲೆ ತೂಗುತ್ತಿತ್ತು.

“ಇನ್ನೊಮ್ಮೆ ಮಾಡೋಣ್ರಿ,” ಎಂದ.

ಹೇಗಿದ್ದರೂ ಮಾಡಲೇಬೇಕಿತ್ತು. ಸಾಗಿಸಿದ ಮಟ್ಟವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಒಯ್ದು ಆರಂಭದ ಗುರುತಿಗೆ ಕೂಡಿಸದೆ ಯಾವ ಅಳತೆಯೂ ಅಳತೆಯಲ್ಲ. ಕೋಡಿಯವರೆಗೆ ಹಿಂದಿರುಗಿದೆವು. ಮುಚ್ಚಿದ ಬಾಗಿಲುಗಳ ಮುಂದೆ ಹಾಯ್ದೆವು. ವ್ಯತ್ಯಾಸ ಬೆರಳಿನಷ್ಟೂ ಬರಲಿಲ್ಲ. ಮತ್ತೆ ನೀಲಿ ಗೋಡೆಗೆ ಬಂದಾಗ, ನಾವು ಕೋಲು ಎತ್ತುವ ಮೊದಲೇ ಅವನು ಬಾಗಿ, ಗೋಡೆಗೆ ಮೊಣಕಾಲಿನ ಎತ್ತರದಲ್ಲಿ ಅಂಗೈಯಿಟ್ಟ.

“ಇಲ್ಲೇ ಬರತೈತ್ರಿ. ನೋಡ್ರಿ, ಬಣ್ಣ ಉಬ್ಬೈತಿ. ಜೋರ್ ಮಳಿ ಬಂದ ವರ್ಷ ನೀರು ಇಲ್ಲಿ ತನಕ ಬಂದು ನಿಂದರತೈತಿ. ದೀಪಾವಳಿಗಿ ಬಣ್ಣ ಹಚ್ಚತೀನಿ, ಮತ್ತ ಏಳತೈತಿ.” ಅಂಗೈ ತೆಗೆಯದೆ ಹೇಳಿದ: “ಜಾಗಾ ಮಾರಿದವ ಕೆರಿ ಅಂತ ಹೇಳಲಿಲ್ಲ. ಕಟ್ಟಾಕ ಪರವಾನಗಿ ಕೊಟ್ಟವರೂ ಹೇಳಲಿಲ್ಲ. ನೀರು ಅಷ್ಟ ಹೇಳಿತ್ತು.”

ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳು ಪೈಪಿನ ನೀರನ್ನು ಬಾಗಿಲಿನ ತುಳಸಿಗೆ ಚೆಲ್ಲಿ, ಪೈಪನ್ನು ಸುತ್ತಿ ನನಗೆ ಕೊಟ್ಟಳು.

ಸಭೆ ಶಾಂತವಾಗಿ ನಡೆಯಿತೆಂದು ಇನ್ಸ್‌ಪೆಕ್ಟರ್ ಅಕ್ಕೋರಿಗೆ ಫೋನ್ ಮಾಡಿ ಅಭಿನಂದಿಸಿದರು. ಸಮಿತಿಯಲ್ಲೂ ಅದೇ ಮಾತು: ಕಲ್ಲು ಬೀಳಲಿಲ್ಲ, ಯಾರ ಕೈಯೂ ಮುರಿಯಲಿಲ್ಲ. ನಾನು ಆ ಮಾತನ್ನು ಒಪ್ಪಿದೆ, ಆದರೆ ನೆಮ್ಮದಿಯಾಗಲಿಲ್ಲ. ಮೊದಲ ಭಾನುವಾರ ಅವನ ಹಿಂದೆ ಒಂದು ಓಣಿ ಇತ್ತು. ನಮ್ಮ ತಪ್ಪು ಗೆರೆ ಅವರನ್ನು ಒಟ್ಟುಗೂಡಿಸಿತ್ತು, ನಮ್ಮ ಸರಿ ಅಳತೆ ಚದುರಿಸಿತು. ಶಾಂತಿ ಬಂದದ್ದು ಹಾಗೆ. 

ಮುಂದಿನ ತಿಂಗಳ ಸಭೆಯಲ್ಲಿ ನಕ್ಷೆಗೆ ಹೊಸ ಹಲಗೆ ಇತ್ತು. ಅಕ್ಕೋರು ಎಡಗೈಯಲ್ಲಿ ಮೈಕ್ ಹಿಡಿದು ಸ್ವಾಗತ ಹೇಳುತ್ತಿದ್ದರು. ಮೆಟ್ಟಿಲ ಕಡೆಯಿಂದ ಕೂಗು ಕೇಳಿಸಿತು: ಮಾ ಇಳ್ಳು ಮಾಕು ಕಾವಾಲಿ. ಒಂದೇ ದನಿ. ಟೇಲರ್ ಒಬ್ಬನೇ ಬಂದಿದ್ದ. ಬ್ಯಾನರಿನ ಒಂದು ತುದಿ ಅವನ ಕೈಯಲ್ಲಿತ್ತು, ಇನ್ನೊಂದು ಏರಿಯ ಮಣ್ಣಿನಲ್ಲಿ ಎಳೆದು ಬರುತ್ತಿತ್ತು. ಬಟ್ಟೆ ಮಡಚಿಕೊಂಡು ಅಕ್ಷರಗಳು ಓದಿಸುತ್ತಿರಲಿಲ್ಲ. ನಮ್ಮ ಸ್ವಯಂಸೇವಕರು ಕಲಿತಂತೆ ಕೈಗಳನ್ನು ತೊಡೆಯ ಮೇಲಿಟ್ಟು ಕುಳಿತರು.

ಎಂಜಿನಿಯರ್ ನನ್ನನ್ನು ನೋಡಿದ. “ಎಂತ ಮಾಡುದು ಸರ್?”

ನಾನು ಎದ್ದು ಹೋಗಿ, ಮಣ್ಣಿನಲ್ಲಿದ್ದ ತುದಿಯನ್ನು ಎತ್ತಿಕೊಂಡೆ. ಅವನ ಮನೆ ಕೆರೆಯ ಮಟ್ಟದೊಳಗಿದೆ ಎಂಬುದನ್ನು ಅಳೆದವನು ನಾನೇ, ಅದನ್ನು ಯಾರು ಕೇಳಿದರೂ ಹೇಳುವವನೂ ನಾನೇ. ಬಟ್ಟೆಯ ಮೇಲೆ ಬರೆದಿದ್ದದ್ದು ಅಳತೆಯ ವಿಷಯವಲ್ಲ. ಇದ್ದ ಮನೆ ಹೋದರೆ ಇರಲು ಒಂದು ಮನೆ ಬೇಕು, ಅಷ್ಟೇ.

“ಈ ಕಡೆ ಬಂದ್ರೇನ್ರಿ?” ಎಂದ ಅವನು, ಕೂಗುವುದನ್ನು ನಿಲ್ಲಿಸಿ.

“ತುದಿ ನೆಲಕ್ಕ ಬಿದ್ದಿತ್ತು.”

“ನಿಮ್ಮವರು ಬೈತಾರ.”

“ಅವರಿಗಿ ಕಲಿಸೇವ್ರಿ, ಸುಮ್ಮ ಕುಂದ್ರಾಕ.”

ಅವನ ತುಟಿ ಅಲುಗಿತು. ನಗೆಯೋ ಅಲ್ಲವೋ ಹೇಳಲಾರೆ. “ಬಿಗಿ ಹಿಡೀರಿ ತಾರೀಕ್ ಸಾಬ್. ಓದಾಕ ಬರಬೇಕು.”

ಜಗ್ಗಿ ಹಿಡಿದೆ. ಬಟ್ಟೆ ಸಮವಾಯಿತು. ವೇದಿಕೆಯ ಮೇಲೆ ಅಕ್ಕೋರು ಮೈಕನ್ನು ಕೆಳಗಿಟ್ಟು ನಮ್ಮತ್ತ ನೋಡುತ್ತ ನಿಂತರು, ಆಮೇಲೆ ತಮ್ಮ ಕುರ್ಚಿಯನ್ನು ಎಡಗೈಯಿಂದಲೇ ಎಳೆದುಕೊಂಡು ಮೆಟ್ಟಿಲ ಕಡೆಗೆ ಬರತೊಡಗಿದರು. ಇದನ್ನು ಬರೆಯುವ ಹೊತ್ತಿಗೆ ಅಧಿಕಾರಿಗಳ ಅಳತೆ ಆಗಿಲ್ಲ, ಆ ಕೆಲವು ಮನೆಗಳು ನಿಂತಿವೆ. ನಾನು ಬ್ಯಾನರ್ ಹಿಡಿದದ್ದು ಭಾನುವಾರ. ತಾಳೆ ನೋಡಿದ್ದೇನೆ.